ಬೆಂಕಿಯಿಲ್ಲದ ಕುಲುಮೆ: ಪ್ರೇರಣ ತಾಪನದ ವಿಜ್ಞಾನವೂ ನಮ್ಮ ಬೆಟ್ಟದ ಲೆಕ್ಕವೂ

(ಬಳಗದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಕಳೆದ ಸಭೆಯ ಕೊನೆಯಲ್ಲಿ ಎದ್ದ ಚರ್ಚೆ ನಮ್ಮಲ್ಲಿ ಅನೇಕರ ಮನಸ್ಸಿನಲ್ಲಿ ಇನ್ನೂ ಉಳಿದಿದೆಯೆಂದು ಭಾವಿಸುತ್ತೇನೆ. ಹೊಳೆಯ ಕೆಳದಂಡೆಯಲ್ಲಿ ಗುಜರಿ ಕಬ್ಬಿಣವನ್ನು ಕರಗಿಸುವ ಘಟಕವೊಂದು ಬರಲಿದೆಯೆಂಬ ಸುದ್ದಿ ಒಂದು ಕಡೆ. ಐಟಿಐ ಓದಿ ಊರಿಗೆ ಮರಳಿರುವ ನಮ್ಮದೇ ಹುಡುಗನೊಬ್ಬ ಕತ್ತಿ, ಕುಡುಗೋಲು, ಕೊಡಲಿಗಳಿಗೆ ಹದ ಹಾಕುವ ಸಣ್ಣ ವಿದ್ಯುತ್ ಕುಲುಮೆ ಇಡುತ್ತೇನೆ, ಬಳಗದವರು ಅಡ್ಡ ಬರಬಾರದು ಎಂದು ಕೇಳಿಕೊಂಡದ್ದು ಇನ್ನೊಂದು ಕಡೆ. ಎರಡೂ ಕಡೆ ಬಳಕೆಯಾಗುವ ತಂತ್ರ ಒಂದೇ. ಅಡುಗೆಮನೆಯ ಇಂಡಕ್ಷನ್ ಒಲೆಯಿಂದಾಗಿ ಅದರ ಹೆಸರು ಈಗ ಮನೆಮಾತಾಗಿದೆ.

ಆ ದಿನ ಕೆಲವರು, “ಬೆಂಕಿಯಿಲ್ಲ, ಹೊಗೆಯಿಲ್ಲ, ಚಿಮಣಿಯಿಲ್ಲ, ಮತ್ತೇಕೆ ತಕರಾರು?” ಎಂದರು. ಇನ್ನು ಕೆಲವರು, “ಕಾರ್ಖಾನೆ ಎಂದ ಮೇಲೆ ಕಾರ್ಖಾನೆಯೇ, ಎರಡನ್ನೂ ತಡೆಯಬೇಕು” ಎಂದರು. ನನಗೆ ಎರಡು ಮಾತೂ ಸರಿಯೆನಿಸಲಿಲ್ಲ. ಆದರೆ ಏಕೆ ಸರಿಯಲ್ಲವೆಂದು ಅಲ್ಲಿಯೇ ಎದ್ದು ಹೇಳುವಷ್ಟು ಸಿದ್ಧತೆ ನನ್ನಲ್ಲಿರಲಿಲ್ಲ. ನಾನು ಮಣ್ಣು ಮತ್ತು ಬೆಳೆಯ ವಿಜ್ಞಾನವನ್ನು ಓದಿದವಳು. ವಿದ್ಯುತ್ತಿನ ಶಾಸ್ತ್ರ ನನ್ನ ಕಸುಬಲ್ಲ. ಆದರೂ ವಿಷಯವನ್ನು ಬುಡದಿಂದ ಅರಿಯದೆ ಪರವಾಗಿಯಾಗಲಿ ವಿರೋಧವಾಗಿಯಾಗಲಿ ಕೈಯೆತ್ತುವುದು ನಮ್ಮಂಥ ಬಳಗಕ್ಕೆ ಶೋಭಿಸುವುದಿಲ್ಲ. ಅದಕ್ಕಾಗಿ ಈ ತಿಂಗಳು ಕುಳಿತು ಓದಿದೆ, ಲೆಕ್ಕ ಹಾಕಿದೆ. ಅದನ್ನೇ ತಮ್ಮ ಮುಂದೆ ಇಡುತ್ತಿದ್ದೇನೆ.

ಪ್ರೇರಣೆಯೆಂದರೆ ಏನು?

1831ರಲ್ಲಿ ಇಂಗ್ಲೆಂಡಿನ ಮೈಕೆಲ್ ಫ್ಯಾರಡೆ ಒಂದು ಕಬ್ಬಿಣದ ಬಳೆಗೆ ಎರಡು ಕಡೆ ಬೇರೆ ಬೇರೆಯಾಗಿ ತಂತಿ ಸುತ್ತಿದ. ಒಂದು ಸುರುಳಿಗೆ ಬ್ಯಾಟರಿ, ಇನ್ನೊಂದಕ್ಕೆ ವಿದ್ಯುತ್ತನ್ನು ತೋರಿಸುವ ಸೂಜಿ. ಎರಡು ತಂತಿಗಳಿಗೂ ಪರಸ್ಪರ ಸಂಪರ್ಕವಿರಲಿಲ್ಲ. ಬ್ಯಾಟರಿ ಜೋಡಿಸಿದ ಕ್ಷಣದಲ್ಲಿ ಎರಡನೆಯ ಸುರುಳಿಯ ಸೂಜಿ ಅಲುಗಿತು. ಬಿಡಿಸಿದ ಕ್ಷಣದಲ್ಲಿ ಎದುರು ದಿಕ್ಕಿಗೆ ಅಲುಗಿತು. ನಡುವಿನ ಹೊತ್ತಿನಲ್ಲಿ ವಿದ್ಯುತ್ತು ಸಮನಾಗಿ ಹರಿಯುತ್ತಿದ್ದರೂ ಸೂಜಿ ನಿಶ್ಚಲವಾಗಿತ್ತು. ಕಾಂತಶಕ್ತಿ ಇದ್ದರೆ ಸಾಲದು, ಅದು ಬದಲಾಗುತ್ತಿರಬೇಕು. ಆ ಬದಲಾವಣೆಯೇ ದೂರದ ಲೋಹದಲ್ಲಿ ವಿದ್ಯುತ್ತನ್ನು ಹುಟ್ಟಿಸುತ್ತದೆ ಎಂಬುದು ಅವನಿಗೆ ತಿಳಿಯಿತು. ಇದೇ ವಿದ್ಯುತ್ಕಾಂತೀಯ ಪ್ರೇರಣೆ. ಲಿಂಗನಮಕ್ಕಿಯ ನೀರು ತಿರುಗಿಸುವ ಜನರೇಟರೂ, ಊರ ಮುಂದಿನ ಟ್ರಾನ್ಸ್‌ಫಾರ್ಮರೂ ಇದೇ ನಿಯಮದ ಮಕ್ಕಳು.

ಎರಡನೆಯ ಹೆಜ್ಜೆ 1855ರಲ್ಲಿ ಫ್ರಾನ್ಸಿನ ಲಿಯಾನ್ ಫೂಕೋನದು. ಬಲವಾದ ಕಾಂತದ ಎರಡು ಧ್ರುವಗಳ ನಡುವೆ ತಾಮ್ರದ ತಟ್ಟೆಯನ್ನು ತಿರುಗಿಸಲು ಹೆಚ್ಚು ಬಲ ಬೇಕಾಗುತ್ತದೆ, ಜೊತೆಗೆ ತಟ್ಟೆ ಬಿಸಿಯಾಗುತ್ತದೆ ಎಂಬುದನ್ನು ಅವನು ಗುರುತಿಸಿದ. ಗಟ್ಟಿ ಲೋಹದಲ್ಲಿ ಹುಟ್ಟಿದ ವಿದ್ಯುತ್ತಿಗೆ ಹೋಗಲು ಬೇರೆ ತಂತಿಯಿಲ್ಲ. ಹೊಳೆಯ ಮಡುವಿನಲ್ಲಿ ನೀರು ಸುತ್ತುವಂತೆ ಅದು ಲೋಹದ ಒಡಲಿನಲ್ಲಿಯೇ ಸುತ್ತತೊಡಗುತ್ತದೆ. ಅದಕ್ಕೇ ಅದನ್ನು ಸುಳಿ ಪ್ರವಾಹವೆನ್ನುತ್ತಾರೆ. ಸುಳಿಯ ಪ್ರವಾಹ ಲೋಹದ ರೋಧವನ್ನು ಎದುರಿಸುವಾಗ ಶಾಖ ಹುಟ್ಟುತ್ತದೆ. ಪ್ರವಾಹ ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟಾಗುತ್ತದೆಯೆಂದು 1840ರ ದಶಕದ ಆರಂಭದಲ್ಲಿಯೇ ಜೇಮ್ಸ್ ಜೂಲ್ ತೋರಿಸಿಕೊಟ್ಟಿದ್ದ. ಇನ್ನು ಕಬ್ಬಿಣದಂಥ ಕಾಂತಗುಣದ ಲೋಹದಲ್ಲಿ ಇದರ ಜೊತೆಗೆ ಇನ್ನೊಂದು ಶಾಖವೂ ಸೇರುತ್ತದೆ. ಕಾಂತದ ದಿಕ್ಕು ಕ್ಷಣಕ್ಷಣಕ್ಕೂ ಬದಲಾದಾಗ ಲೋಹದೊಳಗಿನ ಸೂಕ್ಷ್ಮ ಕಾಂತಪ್ರದೇಶಗಳು ಅದರೊಡನೆ ಹೊರಳಬೇಕಾಗುತ್ತದೆ. ಆ ಹೊರಳಾಟದಲ್ಲಿಯೂ ಶಕ್ತಿ ಶಾಖವಾಗಿ ಕಳೆಯುತ್ತದೆ.

ಟ್ರಾನ್ಸ್‌ಫಾರ್ಮರಿನಲ್ಲಿ ಈ ಸುಳಿ ಪ್ರವಾಹ ನಷ್ಟಕ್ಕೆ ಕಾರಣ. ಅದನ್ನು ತಡೆಯಲೆಂದೇ ಒಳಗಿನ ಕಬ್ಬಿಣವನ್ನು ತೆಳು ಹಾಳೆಗಳಾಗಿ ಜೋಡಿಸಿರುತ್ತಾರೆ. ಪ್ರೇರಣ ತಾಪನದಲ್ಲಿ ಅದೇ ನಷ್ಟವನ್ನು ಲಾಭವಾಗಿ ಪರಿವರ್ತಿಸಿದ್ದಾರೆ. ತಾಮ್ರದ ಸುರುಳಿಯೊಳಗೆ ಪರ್ಯಾಯ ವಿದ್ಯುತ್ತನ್ನು ಹರಿಸಿ, ಕಾಯಬೇಕಾದ ಕಬ್ಬಿಣವನ್ನು ಸುರುಳಿಗೆ ತಾಗದಂತೆ ನಡುವೆ ಇಟ್ಟರೆ ಮುಗಿಯಿತು. ಕಬ್ಬಿಣ ಕೆಂಪಾಗುತ್ತದೆ, ಸುರುಳಿಯ ತಾಮ್ರದ ಕೊಳವೆಯೊಳಗೆ ತಣ್ಣೀರು ಹರಿಯುತ್ತಿರುತ್ತದೆ.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಆಚಾರಿಯ ಕುಲುಮೆಯಲ್ಲಿ ಇದ್ದಿಲು ಉರಿದು, ಶಾಖ ಹೊರಗಿನಿಂದ ಲೋಹದೊಳಕ್ಕೆ ಇಳಿಯುತ್ತದೆ. ಇಳಿಯದೆ ಉಳಿದದ್ದು ಗೋಡೆಗೆ, ಗಾಳಿಗೆ, ಆಚಾರಿಯ ಮುಖಕ್ಕೆ. ಪ್ರೇರಣೆಯಲ್ಲಿ ಶಾಖ ಹುಟ್ಟುವುದೇ ಲೋಹದ ಒಳಗೆ. ಇದರ ಎಲ್ಲ ಗುಣಗಳೂ ಈ ಒಂದು ವ್ಯತ್ಯಾಸದಿಂದ ಬಂದಿವೆ.

ಆಳವನ್ನು ಹಿಡಿಯುವ ಕಲೆ

ಈ ಶಾಖ ಲೋಹದಲ್ಲಿ ಎಲ್ಲ ಕಡೆಯೂ ಸಮನಾಗಿ ಹುಟ್ಟುವುದಿಲ್ಲ. ವಿದ್ಯುತ್ತು ದಿಕ್ಕು ಬದಲಿಸುವ ವೇಗ ಹೆಚ್ಚಿದಂತೆ ಸುಳಿ ಪ್ರವಾಹ ಮೇಲ್ಮೈಗೆ ಸರಿಯುತ್ತದೆ. ವೇಗ ನಾಲ್ಕು ಪಟ್ಟಾದರೆ ಆಳ ಅರ್ಧಕ್ಕಿಳಿಯುತ್ತದೆ. ಮನೆಗೆ ಬರುವ ವಿದ್ಯುತ್ತಿನ ಆವೃತ್ತಿ ಸೆಕೆಂಡಿಗೆ 50. ಇದೇ ಆವೃತ್ತಿಯಲ್ಲಿ, ಚೆನ್ನಾಗಿ ಕೆಂಪಾದ ಉಕ್ಕಿನೊಳಗೆ ಪ್ರವಾಹ ಸುಮಾರು 7 ಸೆಂಟಿಮೀಟರ್ ಆಳಕ್ಕೆ ಇಳಿಯುತ್ತದೆ. ಆವೃತ್ತಿಯನ್ನು ಸೆಕೆಂಡಿಗೆ 10,000ಕ್ಕೆ ಏರಿಸಿದರೆ ಅದೇ ಉಕ್ಕಿನಲ್ಲಿ ಆಳ ಸುಮಾರು 5 ಮಿಲಿಮೀಟರಿಗೆ ಕುಗ್ಗುತ್ತದೆ. ಹೀಗಾಗಿ ಇಡೀ ಗಟ್ಟಿಯನ್ನು ಕರಗಿಸಬೇಕಾದವರು ಕಡಿಮೆ ಆವೃತ್ತಿಯನ್ನೂ, ಮೇಲಿನ ತೊಗಲನ್ನು ಮಾತ್ರ ಕಾಯಿಸಬೇಕಾದವರು ಹೆಚ್ಚಿನ ಆವೃತ್ತಿಯನ್ನೂ ಆರಿಸಿಕೊಳ್ಳುತ್ತಾರೆ.

ಇನ್ನೊಂದು ಸಂಗತಿ: ಕಬ್ಬಿಣ 770 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ತನ್ನ ಕಾಂತಗುಣವನ್ನು ಕಳೆದುಕೊಳ್ಳುತ್ತದೆ. ಆ ಗೆರೆ ದಾಟಿದ ಮೇಲೆ ಪ್ರವಾಹ ಹಠಾತ್ತನೆ ಆಳಕ್ಕೆ ಹರಡುತ್ತದೆ, ಕಾಯುವ ರೀತಿಯೇ ಬದಲಾಗುತ್ತದೆ. ಉಕ್ಕಿಗೆ ಹದ ಹಾಕುವ ಉಷ್ಣತೆ ಇದಕ್ಕಿಂತ ಸ್ವಲ್ಪ ಮೇಲಿರುವುದರಿಂದ ಯಂತ್ರ ನಡೆಸುವವರು ಇದನ್ನು ಅರಿತಿರಲೇಬೇಕು.

ಅಡುಗೆಮನೆಯ ಒಲೆ

ಇಂಡಕ್ಷನ್ ಒಲೆಯ ಗಾಜಿನ ಹಾಸಿನ ಕೆಳಗೆ ಚಪ್ಪಟೆಯಾಗಿ ಸುತ್ತಿದ ತಾಮ್ರದ ಸುರುಳಿಯಿದೆ. ಅದರಲ್ಲಿ ವಿದ್ಯುತ್ತು ಸೆಕೆಂಡಿಗೆ 20,000ಕ್ಕೂ ಹೆಚ್ಚು ಸಲ ಆವರ್ತಿಸುತ್ತದೆ. ನಮ್ಮ ಕಿವಿಗೆ ಕೇಳುವ ಮಿತಿಯನ್ನು ದಾಟಲೆಂದೇ ಅಷ್ಟು ವೇಗ. ಕಬ್ಬಿಣದ ಪಾತ್ರೆಯ ತಳದಲ್ಲಿ ಪ್ರವಾಹ ಒಂದು ಮಿಲಿಮೀಟರಿನ ಸಣ್ಣ ಭಾಗದಷ್ಟೇ ಆಳದಲ್ಲಿ ಇಕ್ಕಟ್ಟಾಗಿ ಹರಿಯುತ್ತದೆ. ಇಕ್ಕಟ್ಟಾದಷ್ಟೂ ರೋಧ ಹೆಚ್ಚು, ಶಾಖ ಹೆಚ್ಚು. ಅಲ್ಯೂಮಿನಿಯಂ ಮತ್ತು ತಾಮ್ರದಲ್ಲಿ ಪ್ರವಾಹ ಆಳಕ್ಕೂ ಇಳಿಯುತ್ತದೆ, ರೋಧವೂ ಕಡಿಮೆ. ಆದ್ದರಿಂದ ಅವು ಸಾಮಾನ್ಯ ಇಂಡಕ್ಷನ್ ಒಲೆಯ ಮೇಲೆ ಕಾಯುವುದಿಲ್ಲ. ಮಣ್ಣಿನ ಮಡಕೆಯಲ್ಲಂತೂ ಪ್ರವಾಹವೇ ಹುಟ್ಟದು. ಅಜ್ಜಿಯ ಕಾಲದ ಕಬ್ಬಿಣದ ಕಾವಲಿ ತಳ ಸಮವಾಗಿದ್ದರೆ ಚೆನ್ನಾಗಿಯೇ ಕಾಯುತ್ತದೆ. ಸಂಶಯವಿದ್ದರೆ ಪಾತ್ರೆಯ ತಳಕ್ಕೆ ಒಂದು ಅಯಸ್ಕಾಂತ ಹಿಡಿದು ನೋಡಿ, ಅಂಟಿದರೆ ಕಾಯುತ್ತದೆ.

ಒಲೆ ಎಳೆದುಕೊಂಡ ವಿದ್ಯುತ್ತಿನಲ್ಲಿ ನೂರಕ್ಕೆ ಸುಮಾರು 85 ಭಾಗ ಪಾತ್ರೆಗೆ ಮುಟ್ಟುತ್ತದೆ. ಗ್ಯಾಸ್ ಒಲೆಯಲ್ಲಿ 60ರಿಂದ 70 ಭಾಗ. ಮೂರು ಕಲ್ಲಿನ ಸೌದೆ ಒಲೆಯಲ್ಲಿ ಸುಮಾರು 10 ಭಾಗ. ನನ್ನ ಅಮ್ಮ ನಲವತ್ತು ವರ್ಷ ಆ ಹತ್ತು ಭಾಗಕ್ಕಾಗಿ ಉಳಿದ ತೊಂಬತ್ತರ ಹೊಗೆಯನ್ನು ಕುಡಿದವಳು. ಅವಳ ಕೆಮ್ಮು ಕೇಳುತ್ತ ಬೆಳೆದ ನಾನು ಹೊಗೆಯಿಲ್ಲದ ಒಲೆಯನ್ನು ಹಗುರವಾಗಿ ಕಾಣಲಾರೆ. ಆದರೆ ಆ 85ರ ಅಂಕಿ ಗೋಡೆಯ ಪ್ಲಗ್ಗಿನಿಂದ ಮುಂದಿನ ಲೆಕ್ಕ ಮಾತ್ರ. ಪ್ಲಗ್ಗಿನ ಹಿಂದಿನ ಲೆಕ್ಕಕ್ಕೆ ಮುಂದೆ ಬರುತ್ತೇನೆ.

ಕಾರ್ಖಾನೆಗಳಲ್ಲಿ

ಪ್ರೇರಣೆಯಿಂದ ಕಾಯುವ ಕುಲುಮೆಗೆ 1887ರಲ್ಲಿಯೇ ಇಂಗ್ಲೆಂಡಿನ ಸೆಬಾಸ್ಟಿಯನ್ ಫೆರಾಂಟಿ ಹಕ್ಕುಪತ್ರ ಪಡೆದಿದ್ದ. 1900ರಲ್ಲಿ ಸ್ವೀಡನ್ನಿನ ಯೀಸಿಂಗೆ ಎಂಬಲ್ಲಿ ಶೆಲೀನ್ ಎಂಬ ಎಂಜಿನಿಯರ್ ಇಂಥ ಕುಲುಮೆಯಲ್ಲಿ ಉಕ್ಕು ಕರಗಿಸಿದ. 1916ರ ಸುಮಾರಿಗೆ ಅಮೆರಿಕದ ಎಡ್ವಿನ್ ನಾರ್ತ್ರಪ್ ಒಳಗೆ ಕಬ್ಬಿಣದ ತಿರುಳಿಲ್ಲದ, ಹೆಚ್ಚಿನ ಆವೃತ್ತಿಯ ಕುಲುಮೆಯನ್ನು ರೂಪಿಸಿದ. 1930ರ ದಶಕದಲ್ಲಿ ಎಂಜಿನ್ನುಗಳ ಕ್ರ್ಯಾಂಕ್‌ಶಾಫ್ಟಿನ ಮೇಲ್ಮೈಯನ್ನು ಗಡುಸುಗೊಳಿಸಲು ಈ ವಿಧಾನ ಬಳಕೆಗೆ ಬಂತು. ಆವೃತ್ತಿಯನ್ನು ಬದಲಿಸಲು ಆಗ ಭಾರಿ ತಿರುಗು ಯಂತ್ರಗಳು ಬೇಕಾಗುತ್ತಿದ್ದವು. ಅರೆವಾಹಕ ಸಾಧನಗಳು ಬಂದ ಮೇಲೆ ಅದೇ ಕೆಲಸ ಒಂದು ಪೆಟ್ಟಿಗೆಯೊಳಗೆ ನಡೆಯುತ್ತಿದೆ. ನಮ್ಮ ಊರ ಹುಡುಗನ ಕೈಗೂ ಇದು ಎಟುಕುವಂತಾದದ್ದು ಅದರಿಂದಲೇ.

ಇಂದು ಇದರ ಬಳಕೆ ಮೂರು ಬಗೆಯದು. ಮೊದಲನೆಯದು, ಹದ ಹಾಕುವುದು. ಗೇರಿನ ಹಲ್ಲು, ಟಿಲ್ಲರಿನ ಶಾಫ್ಟು ಇಂಥವುಗಳ ಹೊರಮೈ ಗಡುಸಾಗಿರಬೇಕು, ಒಳಮೈ ಮೆದುವಾಗಿದ್ದು ಪೆಟ್ಟು ತಾಳಬೇಕು. ಹೊರಮೈಯನ್ನು ಮಾತ್ರ ಕೆಲವೇ ಸೆಕೆಂಡುಗಳಲ್ಲಿ ಕೆಂಪಾಗಿಸಿ ತಕ್ಷಣ ನೀರು ಸಿಡಿಸಿದರೆ ಈ ಎರಡೂ ಗುಣ ಒಂದೇ ತುಂಡಿನಲ್ಲಿ ದೊರೆಯುತ್ತವೆ. ಎರಡನೆಯದು, ಸಣ್ಣಪುಟ್ಟ ಬಿಸಿ ಕೆಲಸಗಳು: ಬೆಸುಗೆ, ಕೊಳವೆ ಬಗ್ಗಿಸುವುದು, ಬೇರಿಂಗನ್ನು ಹಿಗ್ಗಿಸಿ ಶಾಫ್ಟಿಗೆ ಕೂರಿಸುವುದು, ಬಾಟಲಿಯ ಬಾಯಿಗೆ ಅಲ್ಯೂಮಿನಿಯಂ ಹಾಳೆ ಅಂಟಿಸುವುದು. ತೋಟಕ್ಕೆ ಹೊಡೆಯುವ ಔಷಧದ ಬಾಟಲಿಯ ಮುಚ್ಚಳ ತೆಗೆದಾಗ ಒಳಗೆ ಬೆಳ್ಳಗೆ ಹೊಳೆಯುವ ಹಾಳೆಯೊಂದು ಇರುತ್ತದಲ್ಲ, ಅದನ್ನು ಅಲ್ಲಿ ಅಂಟಿಸಿದ್ದು ಈ ಸುಳಿ ಪ್ರವಾಹವೇ. ಪಾತ್ರೆಯಾಗಿ ಕಾಯಲಾರದ ಅಲ್ಯೂಮಿನಿಯಂ ಅಲ್ಲಿ ಕಾಯುವುದಕ್ಕೆ ಕಾರಣ ಅದರ ತೆಳುವು.

ಮೂರನೆಯದು, ಕರಗಿಸುವುದು. ನಮ್ಮ ತಕರಾರು ಮುಖ್ಯವಾಗಿ ಇದರದ್ದು. ಬೆಣಚುಪುಡಿಯನ್ನು ಗಿಡಿದು ಮಾಡಿದ ದೊಡ್ಡ ಮೂಸೆ, ಅದರ ಸುತ್ತ ನೀರು ಹರಿಯುವ ತಾಮ್ರದ ಸುರುಳಿ. ಒಂದು ಟನ್ ಗುಜರಿ ಉಕ್ಕನ್ನು ಕರಗಿಸಲು ಸುಮಾರು 550ರಿಂದ 650 ಯೂನಿಟ್ ವಿದ್ಯುತ್ತು ಬೇಕು. ತಿಂಗಳಿಗೆ 50 ಯೂನಿಟ್ ಬಳಸುವ ಮನೆಯೊಂದಕ್ಕೆ ಅದು ಒಂದು ವರ್ಷದ ಬೆಳಕು. ಆದರೂ ಅದಿರಿನಿಂದ ಹೊಸ ಉಕ್ಕು ಮಾಡುವುದಕ್ಕೆ ಹೋಲಿಸಿದರೆ ಇದು ಬಹಳ ಕಡಿಮೆಯೆಂಬುದನ್ನೂ ನ್ಯಾಯವಾಗಿ ಹೇಳಬೇಕು. ಕುದುರೆಮುಖದ ಗಣಿಗಾರಿಕೆ ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2005ರ ಕೊನೆಗೆ ನಿಂತಿತು. ಗುಡ್ಡ ಅಗೆಯಬೇಡಿ ಎಂದು ಹೇಳುವ ನಾವು, ಹಳೆಯ ಕಬ್ಬಿಣವನ್ನೇ ಮತ್ತೆ ಬಳಸುವವರನ್ನು ಕಣ್ಣುಮುಚ್ಚಿ ವಿರೋಧಿಸಲಾಗದು.

ಹೊಗೆ ಎಲ್ಲಿಗೆ ಹೋಯಿತು?

“ಹೊಗೆಯಿಲ್ಲ” ಎಂಬ ಮಾತನ್ನು ಇನ್ನು ಪರೀಕ್ಷಿಸೋಣ. ಹೊಗೆ ಮೂರು ಕಡೆ ಅಡಗಿರಬಲ್ಲದು.

ಮೊದಲನೆಯದು ಮೂಸೆಯೊಳಗೇ. ಸುರುಳಿಯಿಂದ ಹೊಗೆ ಬಾರದು, ನಿಜ. ಆದರೆ ಗುಜರಿಗೆ ಅಂಟಿಕೊಂಡಿರುವ ಬಣ್ಣ, ಎಣ್ಣೆ, ಪ್ಲಾಸ್ಟಿಕ್ ಉರಿಯುತ್ತವೆ. ಸತುವಿನ ಲೇಪವಿರುವ ತಗಡು ಬಿದ್ದರೆ ಸತುವು ಆವಿಯಾಗಿ ಬೆಳ್ಳನೆಯ ಹೊಗೆಯಾಗಿ ಏಳುತ್ತದೆ. ಹಳೆಯ ಬಣ್ಣದಲ್ಲಿ ಸೀಸವಿದ್ದರೆ ಅದೂ ಗಾಳಿಗೆ ಸೇರುತ್ತದೆ. ಮೂಸೆಯ ಬಾಯಿಗೆ ಹೊಗೆ ಹೀರುವ ಬುಟ್ಟಿ, ಧೂಳು ಸೋಸುವ ಚೀಲದ ವ್ಯವಸ್ಥೆ ಇಲ್ಲದಿದ್ದರೆ ಅದೆಲ್ಲ ಕೆಲಸಗಾರರ ಎದೆಗೆ, ಆಮೇಲೆ ಸುತ್ತಲಿನ ಮಣ್ಣಿಗೆ. ಮಣ್ಣು ಓದಿದವಳಾಗಿ ಹೇಳುತ್ತೇನೆ: ಗಾಳಿಗೆ ಹೋದ ಸೀಸ ಒಂದು ದಿನ ಕೆಳಗಿಳಿಯಲೇಬೇಕು, ಇಳಿದ ಮೇಲೆ ಮೇಲ್ಮಣ್ಣನ್ನು ಬಿಟ್ಟು ಅದು ಸುಲಭವಾಗಿ ಹೋಗುವುದಿಲ್ಲ. ಮೂಸೆ ಕಟ್ಟುವ ಮತ್ತು ಒಡೆಯುವ ಕೆಲಸದಲ್ಲಿ ಏಳುವ ಬೆಣಚಿನ ಧೂಳು ಸಿಲಿಕೋಸಿಸ್ ಎಂಬ ಗುಣವಾಗದ ಶ್ವಾಸಕೋಶದ ಕಾಯಿಲೆಗೆ ಕಾರಣ. ಒದ್ದೆ ಗುಜರಿಯಾಗಲಿ, ಬಾಯಿ ಮುಚ್ಚಿದ ಡಬ್ಬಿಯಾಗಲಿ ಕರಗಿದ ಉಕ್ಕಿಗೆ ಬಿದ್ದರೆ ಸ್ಫೋಟವಾಗುತ್ತದೆ. ಮಳೆ ಹೆಚ್ಚಿರುವ ನಮ್ಮ ಸೀಮೆಯಲ್ಲಿ ಗುಜರಿಯ ರಾಶಿಯನ್ನು ಸೂರಿಲ್ಲದೆ ಬಿಟ್ಟರೆ ಏನಾಗಬಹುದೆಂದು ಯೋಚಿಸಿ.

ಎರಡನೆಯದು ಕಚ್ಚಾ ಸಾಮಗ್ರಿಯಲ್ಲಿ. ನಮ್ಮ ದೇಶದ ಅನೇಕ ಪ್ರೇರಣ ಕುಲುಮೆಗಳು ಗುಜರಿಯ ಜೊತೆಗೆ ಸ್ಪಾಂಜ್ ಐರನ್ ಎಂಬ ಮೆದುಕಬ್ಬಿಣವನ್ನು ಹಾಕುತ್ತವೆ. ಭಾರತ ಅದರ ಉತ್ಪಾದನೆಯಲ್ಲಿ ಜಗತ್ತಿನಲ್ಲಿಯೇ ಮುಂದಿದೆ. ಕಲ್ಲಿದ್ದಲಿನ ವಿಧಾನದಲ್ಲಿ ಒಂದು ಟನ್ ಸ್ಪಾಂಜ್ ಐರನ್‌ಗೆ ಒಂದೂವರೆ ಟನ್ನಿಗೂ ಹೆಚ್ಚು ಅದಿರು, ಒಂದು ಟನ್ನಿಗೂ ಹೆಚ್ಚು ಕಲ್ಲಿದ್ದಲು ಬೇಕು. ಬಳ್ಳಾರಿ, ಕೊಪ್ಪಳಗಳ ಕಡೆ ಈ ಘಟಕಗಳ ಸುತ್ತಲಿನ ಹೊಲಗಳ ಮೇಲೆ ಕೂರುವ ಕರಿಧೂಳನ್ನು ಅಲ್ಲಿನ ರೈತರನ್ನು ಕೇಳಿ ತಿಳಿಯಬೇಕು. ನಮ್ಮ ಹೊಳೆದಂಡೆಯಲ್ಲಿ ಕುಲುಮೆ ಶುಭ್ರವಾಗಿ ಕಂಡರೆ, ಅದರ ಹೊಗೆ ಬಯಲುಸೀಮೆಯ ಇನ್ನೊಬ್ಬರ ಹೊಲದಲ್ಲಿ ಏಳುತ್ತಿರಬಹುದು. ಗುಣಮಟ್ಟದ ಪ್ರಶ್ನೆಯೂ ಇದೆ. ಬೆಣಚಿನ ಮೂಸೆಯಲ್ಲಿ ರಂಜಕ, ಗಂಧಕಗಳನ್ನು ಬೇರ್ಪಡಿಸುವುದು ಸಾಧ್ಯವಾಗದು. ಹಾಕಿದ್ದರಲ್ಲಿ ಇದ್ದ ದೋಷ ಕಂಬಿಯಲ್ಲಿಯೂ ಉಳಿಯುತ್ತದೆ. ಹಾಗೆ ಗುಜರಿಯಿಂದ ಮಾಡಿದ ಕಳಪೆ ಉಕ್ಕನ್ನು ತಡೆಯಲು ಚೀನಾ 2017ರಲ್ಲಿ 10 ಕೋಟಿ ಟನ್ನಿಗೂ ಮೀರಿದ ಸಾಮರ್ಥ್ಯದ ಇಂಥ ಘಟಕಗಳನ್ನು ಮುಚ್ಚಿಸಿತು.

ಮೂರನೆಯದು ತಂತಿಯ ಇನ್ನೊಂದು ತುದಿಯಲ್ಲಿ. ಕಲ್ಲಿದ್ದಲಿನ ಸ್ಥಾವರದಲ್ಲಿ ಉರಿದ ಶಾಖದಲ್ಲಿ ನೂರಕ್ಕೆ ಸುಮಾರು 35 ಭಾಗ ಮಾತ್ರ ವಿದ್ಯುತ್ತಾಗುತ್ತದೆ. ಸಾಗಣೆ, ವಿತರಣೆಯಲ್ಲಿ ಸುಮಾರು ಆರನೆಯ ಒಂದು ಭಾಗ ಸೋರಿಹೋಗುತ್ತದೆ. ಉಳಿದುದರಲ್ಲಿ 85 ಭಾಗ ನಮ್ಮ ಪಾತ್ರೆಗೆ. ಗುಣಿಸಿ ನೋಡಿದರೆ, ಉರಿದ ಕಲ್ಲಿದ್ದಲಿನ ಶಾಖದಲ್ಲಿ ಪಾತ್ರೆಗೆ ಮುಟ್ಟಿದ್ದು ಕಾಲುಭಾಗ. ನಮ್ಮ ರಾಜ್ಯದಲ್ಲಿ ಕಲ್ಲಿದ್ದಲಿನ ಜೊತೆಗೆ ನೀರು, ಗಾಳಿ, ಬಿಸಿಲು, ಅಣುವಿನ ವಿದ್ಯುತ್ತೂ ಬೆರೆತಿರುವುದರಿಂದ ನಿಜ ಸ್ಥಿತಿ ಇದಕ್ಕಿಂತ ಉತ್ತಮ. ದೇಶದ ಒಟ್ಟು ವಿದ್ಯುತ್ತಿಗೆ ಸರಾಸರಿ ಹಾಕಿದರೂ ಯೂನಿಟ್ಟಿಗೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್ ಬೀಳುತ್ತದೆ. ನೀರಿನ ವಿದ್ಯುತ್ತಿಗೆ ಹೊಗೆಯಿಲ್ಲವೆನ್ನೋಣ. ಆದರೆ ಶರಾವತಿಯ ಕಣಿವೆಯಿಂದ ಎದ್ದು ಬಂದ ಕುಟುಂಬಗಳ ಮಕ್ಕಳು ಈ ಸಭೆಯಲ್ಲಿಯೇ ಇದ್ದೀರಿ. 1964ರಲ್ಲಿ ಲಿಂಗನಮಕ್ಕಿ ಮುಗಿದು ಅರವತ್ತು ವರ್ಷ ಕಳೆದ ಮೇಲೂ ಹಕ್ಕುಪತ್ರಕ್ಕೆ ಅಲೆಯುವವರು ಇದ್ದಾರೆ. ಅದೇ ಕಣಿವೆಯಲ್ಲಿ ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯ ಪ್ರಸ್ತಾಪ ಬಂದಾಗ ನಾವೇ ಬೀದಿಗಿಳಿದವರು. ಯಾವ ವಿದ್ಯುತ್ತೂ ಬಿಟ್ಟಿಯಲ್ಲ. ಅದಕ್ಕೆ ಯಾರಾದರೊಬ್ಬರು ಬೆಲೆ ತೆತ್ತಿರುತ್ತಾರೆ.

ಭದ್ರಾವತಿಯ ಪಾಠ

ಹಾಗೆಂದು ಹಳೆಯ ಬೆಂಕಿ ಪವಿತ್ರವಾಗಿತ್ತೇ? 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿದಾಗ ಅದರ ಊದುಕುಲುಮೆ ಉರಿದದ್ದು ಮಲೆನಾಡಿನ ಮರಗಳ ಇದ್ದಿಲಿನಿಂದ. ಅದಿರು ಕೆಮ್ಮಣ್ಣುಗುಂಡಿಯದು, ಇದ್ದಿಲು ಸುತ್ತಲಿನ ಕಾಡಿನದು. ಆಮೇಲೆ ಜೋಗದ ವಿದ್ಯುತ್ತು ಬಂದು ವಿದ್ಯುತ್ ಕುಲುಮೆಗಳು ಸೇರಿಕೊಂಡವು. ಅವು ಪ್ರೇರಣೆಯ ಕುಲುಮೆಗಳಲ್ಲ, ಬೇರೆ ಬಗೆಯವು. ಆದರೆ ಪಾಠ ಒಂದೇ. ಕಾಡಿನ ಮೇಲಿದ್ದ ಭಾರದ ಒಂದಂಶ ನದಿಯ ಮೇಲೆ ಬಿತ್ತು. ತಂತ್ರ ಬದಲಾದಾಗ ಭಾರ ಮಾಯವಾಗುವುದಿಲ್ಲ, ಹೆಗಲು ಬದಲಾಗುತ್ತದೆ. ಹೊಸ ಹೆಗಲು ಯಾರದು, ಭಾರ ಒಟ್ಟಿನಲ್ಲಿ ಇಳಿಯಿತೇ ಎಂಬುದನ್ನು ನಾವು ಕೇಳಬೇಕಾಗಿದೆ.

ಅಡಕೆ ಹಂಡೆಯ ಲೆಕ್ಕ

ಅಡಕೆ ಬೇಯಿಸಲು ಇಂಡಕ್ಷನ್ ಬಳಸಬಹುದೇ ಎಂದು ಕಳೆದ ಸಲ ಒಬ್ಬ ಹಿರಿಯರು ಕೇಳಿದ್ದರು. ನೂರು ಲೀಟರ್ ನೀರನ್ನು 25 ಡಿಗ್ರಿಯಿಂದ ಕುದಿಗೆ ತರಲು ಸುಮಾರು 8.7 ಯೂನಿಟ್ಟಿನಷ್ಟು ಶಾಖ ಬೇಕು. ಮನೆಯ 2 ಕಿಲೋವಾಟಿನ ಇಂಡಕ್ಷನ್ ಒಲೆಯಲ್ಲಿ ಅದಕ್ಕೆ ಐದು ಗಂಟೆ ಹಿಡಿಯುತ್ತದೆ. ನಮ್ಮ ಹಂಡೆ ತಾಮ್ರದ್ದು, ಅದು ಕಾಯುವುದೂ ಇಲ್ಲ. ನೀರನ್ನು ಬಿಸಿಮಾಡುವುದಷ್ಟೇ ಕೆಲಸವಾದರೆ ನೀರಲ್ಲಿ ಮುಳುಗಿಸುವ ಸಾಮಾನ್ಯ ಹೀಟರಿಗಿಂತ ಇಂಡಕ್ಷನ್ನಿನಿಂದ ಹೆಚ್ಚಿನ ಲಾಭವೂ ಇಲ್ಲ. ಲೋಹದ ಒಳಗೆ ಶಾಖ ಹುಟ್ಟಿಸುವ ವಿದ್ಯೆಯ ಬೆಲೆ ಲೋಹವೇ ಕಾಯಬೇಕಾದಲ್ಲಿ ಮಾತ್ರ.

ಅದೇ ಕೆಲಸ ಸೌದೆಯಲ್ಲಾದರೆ? ಒಣ ಸೌದೆ ಕಿಲೋಗೆ ಸುಮಾರು 15,000 ಕಿಲೋಜೂಲ್ ಶಾಖ ಕೊಡುತ್ತದೆ. ನೂರಕ್ಕೆ 10ರ ಒಲೆಯಲ್ಲಿ 21 ಕಿಲೋ ಸೌದೆ ಬೇಕು. 30ರ ಒಲೆಯಲ್ಲಿ 7 ಕಿಲೋ ಸಾಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದವರು ಇಂಥ ಒಲೆಯನ್ನು ರೂಪಿಸಿ ಹಳ್ಳಿಗಳಿಗೆ ಕೊಟ್ಟರು. ಬೆಂಕಿಗೂಡು, ಗಾಳಿಯ ದಾರಿ, ಹೊಗೆಕೊಳವೆ ಸರಿಯಾಗಿದ್ದರೆ ಮೂರರಲ್ಲಿ ಎರಡು ಪಾಲು ಸೌದೆ ಉಳಿಯುತ್ತದೆ. ಸೊಪ್ಪಿನಬೆಟ್ಟದ ಒಣ ಸೌದೆ, ಸರಿಯಾದ ಒಲೆ, ದನವಿರುವ ಮನೆಯಲ್ಲಿ ಗೋಬರ್ ಗ್ಯಾಸ್, ಬಚ್ಚಲಿಗೆ ಬಿಸಿಲು ಬೀಳುವ ತಿಂಗಳುಗಳಲ್ಲಿ ಸೌರ ಹೀಟರ್, ಚಹಾ-ಹಾಲಿಗೆ ಬೇಕಾದರೆ ಇಂಡಕ್ಷನ್. ಮಳೆಗಾಲದಲ್ಲಿ ಮರ ಬಿದ್ದು ಮೂರು ದಿನ ಕರೆಂಟಿಲ್ಲದ ನಮ್ಮ ಮನೆಗಳಿಗೆ ಒಂದೇ ಒಲೆಯನ್ನು ನಂಬುವ ವೈಭೋಗ ಸಲ್ಲದು.

ಎರಡು ಅರ್ಜಿಗಳು, ಎರಡು ಉತ್ತರಗಳು

ಈಗ ನಮ್ಮ ಮುಂದಿರುವ ವಿಷಯಕ್ಕೆ ಬರುತ್ತೇನೆ.

ಹುಡುಗನ ಕುಲುಮೆ: ಒಂದು ಕಿಲೋ ತೂಕದ ಉಕ್ಕನ್ನು ಹದದ ಉಷ್ಣತೆಗೆ, ಅಂದರೆ ಸುಮಾರು 850 ಡಿಗ್ರಿಗೆ ಕಾಯಿಸಲು ನಷ್ಟವೆಲ್ಲ ಸೇರಿಯೂ ಅರ್ಧ ಯೂನಿಟ್ ವಿದ್ಯುತ್ತು ಸಾಕು. ಕತ್ತಿಯ ಬಾಯಿಯನ್ನು ಮಾತ್ರ ಕಾಯಿಸಿದರೆ ಇನ್ನೂ ಕಡಿಮೆ. ಅವನು ಇದ್ದಿಲು ಕೊಳ್ಳುವುದಿಲ್ಲ, ಮರ ಸುಡುವುದಿಲ್ಲ. ಹದ ಒಂದೇ ಸಮನಾಗಿ ಬಂದರೆ ಕತ್ತಿ ಹೆಚ್ಚು ದಿನ ಬಾಳುತ್ತದೆ. ಊರಲ್ಲಿ ಆಚಾರಿಯ ಕುಲುಮೆ ಆರಿ, ಪೇಟೆಯ ಕತ್ತಿ ತಂದು ಆರು ತಿಂಗಳಿಗೆ ಎಸೆಯುತ್ತಿರುವ ಕಾಲದಲ್ಲಿ ಇದು ಕಸುಬೊಂದರ ಮರುಹುಟ್ಟು. ಅವನಿಂದ ಮೂರು ಮಾತು ಪಡೆದರೆ ಸಾಕು: ಸುರುಳಿ ತಣಿಸುವ ನೀರನ್ನು ಹೊಳೆಗೆ ಬಿಡದೆ ತೊಟ್ಟಿಯಲ್ಲಿಯೇ ತಿರುಗಿಸಿ ಬಳಸಬೇಕು, ಹದದ ಎಣ್ಣೆ ಮಣ್ಣಿಗೆ ಸೇರಬಾರದು, ಯಂತ್ರದಿಂದ ಅದೇ ಲೈನಿನ ಪಂಪುಗಳಿಗೆ ತೊಂದರೆಯಾಗದಂತೆ ತಕ್ಕ ವಿದ್ಯುತ್ ಸಂಪರ್ಕವನ್ನೂ ಸೋಸುಕವನ್ನೂ ಹಾಕಿಸಿಕೊಳ್ಳಬೇಕು. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಸುರುಳಿಯ ಹತ್ತಿರ ಹೋಗಬಾರದು, ಕೆಲಸ ಮಾಡುವವರು ಉಂಗುರ, ಬಳೆ ತೆಗೆದಿಡಬೇಕು ಎಂಬುದನ್ನು ಅವನೂ ಬಲ್ಲ. ಇಷ್ಟಾದರೆ ನಾವು ಅಡ್ಡ ಬರಬಾರದು. ಅಷ್ಟೇ ಅಲ್ಲ, ನಮ್ಮ ಕತ್ತಿಗಳನ್ನು ಅವನಲ್ಲಿಗೇ ಒಯ್ಯಬೇಕು.

ಹೊಳೆದಂಡೆಯ ಘಟಕ: ಇಲ್ಲಿ ನಾವು “ಬೇಡ” ಎನ್ನುವುದಕ್ಕೂ ಮೊದಲು ಲಿಖಿತವಾಗಿ ಕೇಳಬೇಕಾದ ಪ್ರಶ್ನೆಗಳಿವೆ. ದಿನಕ್ಕೆ ಎಷ್ಟು ಟನ್? ಬರೀ ಗುಜರಿಯೋ, ಸ್ಪಾಂಜ್ ಐರನ್ನೂ ಸೇರಿದೆಯೋ? ಗುಜರಿಯನ್ನು ಬೇರ್ಪಡಿಸುವವರು ಯಾರು, ಎಲ್ಲಿ, ಯಾವ ಸೂರಿನ ಕೆಳಗೆ? ಮೂಸೆಯ ಬಾಯಿಗೆ ಹೊಗೆ ಹೀರುವ ವ್ಯವಸ್ಥೆಯಿದೆಯೇ, ಸೋಸಿದ ಧೂಳನ್ನು ಏನು ಮಾಡುತ್ತಾರೆ? ಕಿಟ್ಟವನ್ನು ಎಲ್ಲಿ ಸುರಿಯುತ್ತಾರೆ? ನೀರು ಎಲ್ಲಿಂದ, ಎಷ್ಟು? ಹೊಳೆಯ ಮಹಾಪೂರದ ಗೆರೆಯಿಂದ ಜಾಗ ಎಷ್ಟು ದೂರ? ವಿದ್ಯುತ್ ಮಾರ್ಗಕ್ಕೆ ಎಷ್ಟು ಮರ ಕಡಿಯುತ್ತಾರೆ? ದಿನಕ್ಕೆ 20 ಟನ್ ಕರಗಿಸಿದರೂ 12,000 ಯೂನಿಟ್ ಬೇಕು. ನಮ್ಮ ಉಪಕೇಂದ್ರ ಅದನ್ನು ತಾಳುತ್ತದೆಯೇ? ನನ್ನ ಅಭಿಪ್ರಾಯ ಕೇಳಿದರೆ, ಇಂಥ ಕುಲುಮೆಯ ಸ್ಥಾನ ಗುಜರಿಯೂ ವಿದ್ಯುತ್ತೂ ಧೂಳು ಸೋಸುವ ವ್ಯವಸ್ಥೆಯೂ ಒಟ್ಟಿಗೆ ಇರುವ ಕೈಗಾರಿಕಾ ವಸಾಹತು. ವರ್ಷಕ್ಕೆ ನೂರಾರು ಅಂಗುಲ ಮಳೆ ಸುರಿಯುವ ಹೊಳೆದಂಡೆಯಲ್ಲ. ಆದರೆ ಇದು ಪ್ರಶ್ನೆಗಳಿಗೆ ಉತ್ತರ ಪಡೆದು ತಲುಪಬೇಕಾದ ತೀರ್ಮಾನ, ಮೊದಲೇ ಕಟ್ಟಿಟ್ಟುಕೊಂಡ ಹಠವಲ್ಲ. ಉತ್ತರಗಳು ಸಮರ್ಪಕವಾಗಿದ್ದರೆ ನಾನು ನನ್ನ ಮಾತನ್ನು ಹಿಂದೆಗೆದುಕೊಳ್ಳಲು ಸಿದ್ಧಳಿದ್ದೇನೆ.

ಗೆಳೆಯರೇ, ನಮ್ಮ ಬಳಗವನ್ನು ಹೊರಗಿನವರು ಎಲ್ಲಕ್ಕೂ ಬೇಡವೆನ್ನುವವರೆಂದು ಹಂಗಿಸುವುದುಂಟು. ಒಂದೇ ತಂತ್ರದ ಎರಡು ಅರ್ಜಿಗಳಲ್ಲಿ ಒಂದಕ್ಕೆ ಕೈಜೋಡಿಸಿ, ಇನ್ನೊಂದಕ್ಕೆ ಪ್ರಶ್ನೆಪಟ್ಟಿ ಕಳಿಸುವುದರ ಮೂಲಕ ನಾವು ಅದಕ್ಕೆ ಉತ್ತರ ಕೊಡಬಹುದು. ಪ್ರಶ್ನೆಪಟ್ಟಿಯ ಕರಡನ್ನು ಅಧ್ಯಕ್ಷರ ಕೈಗೆ ಕೊಟ್ಟಿದ್ದೇನೆ. ಅದನ್ನು ಓದಿ, ತಿದ್ದಿ, ಸಹಿ ಹಾಕಿ ಪಂಚಾಯ್ತಿಗೆ ಮತ್ತು ಮಾಲಿನ್ಯ ನಿಯಂತ್ರಣ ಮಂಡಳಿಗೆ ಒಪ್ಪಿಸುವ ಕೆಲಸ ಇಂದೇ ಆಗಲಿ. ಹುಡುಗನ ಅರ್ಜಿಗೆ ಉತ್ತರವನ್ನು ಅವನ ಮನೆಗೇ ಹೋಗಿ ಹೇಳಿ ಬರೋಣ; ಹೋಗುವಾಗ ಮೊಂಡಾದ ಕತ್ತಿಯೊಂದನ್ನು ಜೊತೆಗೆ ಒಯ್ಯೋಣ.